ಪ್ರಶ್ನೆ ಕಟ್ಟುವವರು ಬೇಕು: ಕೋಡಿಂಗ್ ಸ್ಪರ್ಧೆಗಳು ಮತ್ತು ನಮ್ಮ ಎರಡು ತಾಲ್ಲೂಕುಗಳು



ದತ್ತಿ ಉಪನ್ಯಾಸವೆಂದರೆ ಸಾಹಿತ್ಯ, ಇತಿಹಾಸ ಅಥವಾ ವಚನಗಳ ವಿಷಯ ಬರುವುದು ವಾಡಿಕೆ. ತಳುಕಿನ ವೆಂಕಣ್ಣಯ್ಯನವರ, ತ.ರಾ.ಸು. ಅವರ, ಬೆಳಗೆರೆ ಕೃಷ್ಣಶಾಸ್ತ್ರಿಗಳ ಸೀಮೆಯಲ್ಲಿ ಅದು ಸಹಜವೂ ಹೌದು. ಈ ಸಲ ವ್ಯವಸ್ಥಾಪಕರು ವಾಡಿಕೆ ಬಿಟ್ಟು, ಶಾಲಾ ಕಾಲೇಜು ಮಕ್ಕಳ ಕೋಡಿಂಗ್ ಸ್ಪರ್ಧೆಗಳ ಬಗ್ಗೆ ಮಾತಾಡಿ ಎಂದು ಕೇಳಿದಾಗ ಸಂತೋಷದಿಂದ ಒಪ್ಪಿಕೊಂಡೆ. ಒಪ್ಪಲು ಒಂದು ಕಾರಣ ಇಲ್ಲಿಂದ ಸ್ವಲ್ಪ ದೂರದಲ್ಲೇ ಇದೆ. 2023ರ ಏಪ್ರಿಲ್ 2ರಂದು ಇಸ್ರೋ ಸಂಸ್ಥೆಯ ಮರುಬಳಕೆಯ ಉಡಾವಣಾ ವಾಹನದ ಮಾದರಿಯೊಂದನ್ನು ಚಿನೂಕ್ ಹೆಲಿಕಾಪ್ಟರ್ ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಕೈಬಿಟ್ಟಿತು. ಅದು ತಾನೇ ದಾರಿ ತಿದ್ದಿಕೊಂಡು ನಮ್ಮ ಚಳ್ಳಕೆರೆ ತಾಲ್ಲೂಕಿನಲ್ಲಿರುವ ಡಿಆರ್‌ಡಿಒ ಪರೀಕ್ಷಾ ವಲಯದ ಓಡುಹಾದಿಯ ಮೇಲೆ ಇಳಿಯಿತು. 2024ರ ಮಾರ್ಚ್‌ನಲ್ಲಿ ಒಮ್ಮೆ, ಜೂನ್‌ನಲ್ಲಿ ಮತ್ತೊಮ್ಮೆ 'ಪುಷ್ಪಕ್' ಇಲ್ಲೇ ಇಳಿಯಿತು. ಮೂರು ಸಲವೂ ಒಳಗೆ ಚಾಲಕ ಇರಲಿಲ್ಲ. ಇಳಿಸಿದ್ದು ಕಂಪ್ಯೂಟರು, ಅಂದರೆ ಯಾರೋ ಕೂತು ಯೋಚಿಸಿ ಬರೆದ ಪ್ರೋಗ್ರಾಂ.

ಇದೇ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ 1,500 ಎಕರೆ ಆವರಣವಿದೆ. ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೋ, ಡಿಆರ್‌ಡಿಒ ಎಲ್ಲಕ್ಕೂ ಇಲ್ಲಿ ನೆಲವಿದೆ. ಅಮೃತಮಹಲ್ ಕಾವಲಿನ ಆ ಹುಲ್ಲುಗಾವಲು ಬೇಲಿಯೊಳಗೆ ಹೋದಾಗ ಕುರಿ ದನ ಸಾಕುವವರು ಪಟ್ಟ ನೋವನ್ನು ನಾನು ಮರೆತಿಲ್ಲ, ಇಲ್ಲಿರುವ ಯಾರೂ ಮರೆತಿರಲಾರರು. ಆ ಬೇಲಿಯ ಒಳಗೆ ನಡೆಯುವ ಕೆಲಸಕ್ಕೆ ಬೇಕಾದ ಯೋಚನೆಯ ಕ್ರಮ ಬೇಲಿಯ ಹೊರಗಿನ ಶಾಲೆಗಳಲ್ಲೂ ಬೆಳೆಯಬೇಕಲ್ಲ ಎಂಬುದು ನನ್ನ ಇಂದಿನ ಮಾತಿನ ಹಿಂದಿರುವ ಹಂಬಲ.

ಮಾತಿನ ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಈ ಸ್ಪರ್ಧೆಗಳು ಯಾವುವು, ಎಲ್ಲಿಂದ ಬಂದವು ಎಂಬುದನ್ನು ಮೊದಲು ಚುಟುಕಾಗಿ ನೋಡೋಣ. ಆಮೇಲೆ ಒಳ್ಳೆಯ ಪ್ರಶ್ನೆ ಹೇಗಿರುತ್ತದೆ ಎಂಬುದಕ್ಕೆ ಹೆಚ್ಚು ಸಮಯ ಕೊಡುತ್ತೇನೆ. ಅಂಥ ಪ್ರಶ್ನೆಗಳನ್ನು ಕನ್ನಡದಿಂದ, ನಮ್ಮ ನೆಲದಿಂದ ತೆಗೆಯಬಹುದೇ ಎಂಬುದು ಮೂರನೆಯದು. ಕೊನೆಗೆ, ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳಲ್ಲಿ ಏನು ಮಾಡಬಹುದು ಎಂಬ ಒಂದೆರಡು ಸಲಹೆ. ಐಟಿ ನೌಕರಿ, ಸಂಬಳ, ಪ್ಯಾಕೇಜುಗಳ ಸುದ್ದಿಗೆ ಇಂದು ಹೋಗುವುದಿಲ್ಲ. ಅದನ್ನು ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ.

ಶಾಲಾ ಮಕ್ಕಳ ಮಟ್ಟದಲ್ಲಿ ಈ ಸ್ಪರ್ಧೆಗಳಲ್ಲೆಲ್ಲ ದೊಡ್ಡದು ಅಂತರರಾಷ್ಟ್ರೀಯ ಇನ್ಫರ್ಮ್ಯಾಟಿಕ್ಸ್ ಒಲಿಂಪಿಯಾಡ್. 1987ರಲ್ಲಿ ಬಲ್ಗೇರಿಯದ ಗಣಿತಜ್ಞ ಬ್ಲಾಗೊವೆಸ್ಟ್ ಸೆಂಡೊವ್ ಅವರು ಯುನೆಸ್ಕೊ ಸಭೆಯಲ್ಲಿ ಇದನ್ನು ಸೂಚಿಸಿದರು. 1989ರಲ್ಲಿ ಬಲ್ಗೇರಿಯದ ಪ್ರಾವೆಟ್ಸ್ ಎಂಬ ಸಣ್ಣ ಪಟ್ಟಣದಲ್ಲಿ ಮೊದಲ ಸ್ಪರ್ಧೆ ನಡೆಯಿತು. ಒಂದು ದೇಶದಿಂದ ನಾಲ್ವರು ಮಕ್ಕಳು, ಎರಡು ದಿನ, ದಿನಕ್ಕೆ ಐದು ಗಂಟೆ. ಪ್ರತಿಯೊಬ್ಬರೂ ಒಂಟಿಯಾಗಿ ಕೂತು ಬರೆಯಬೇಕು. ಭಾರತ 2002ರಿಂದ ಭಾಗವಹಿಸುತ್ತಿದೆ. ಕಾಲೇಜು ಮಟ್ಟದಲ್ಲಿ ಐಸಿಪಿಸಿ ಎಂಬ ಸ್ಪರ್ಧೆ ಇದೆ. ಅದರ ಬೇರು 1970ರಷ್ಟು ಹಿಂದೆ, ಅಮೆರಿಕದ ಟೆಕ್ಸಾಸ್‌ನಲ್ಲಿದೆ. ಅಲ್ಲಿ ಮೂವರ ತಂಡಕ್ಕೆ ಒಂದೇ ಕಂಪ್ಯೂಟರು, ಐದು ಗಂಟೆಯ ಕಾಲ. ಮೂರು ತಲೆಗೆ ಒಂದೇ ಕೀಲಿಮಣೆ ಎಂಬ ಆ ನಿಯಮ ನನಗೆ ಬಹಳ ಇಷ್ಟ. ಒಬ್ಬ ಟೈಪ್ ಮಾಡುವಾಗ ಉಳಿದಿಬ್ಬರು ಕಾಗದದ ಮೇಲೆ ಯೋಚಿಸಲೇಬೇಕು. ನಮ್ಮ ಶಾಲೆಗಳ ಲ್ಯಾಬುಗಳಲ್ಲಿ ಈ ಪರಿಸ್ಥಿತಿಗೆ ಯಾವ ನಿಯಮವೂ ಬೇಕಿಲ್ಲ ಅನ್ನಿ, ತಾನಾಗಿಯೇ ಇದೆ.

ಈ ಸ್ಪರ್ಧೆಗಳಲ್ಲಿ ತೀರ್ಪುಗಾರ ಕಂಪ್ಯೂಟರೇ. ವಿದ್ಯಾರ್ಥಿ ತನ್ನ ಪ್ರೋಗ್ರಾಂ ಕಳಿಸುತ್ತಾನೆ. ಮೊದಲೇ ಗುಟ್ಟಾಗಿ ಸಿದ್ಧಪಡಿಸಿಟ್ಟ ಹತ್ತಾರು ಲೆಕ್ಕಗಳನ್ನು ಯಂತ್ರ ಅದಕ್ಕೆ ಕೊಟ್ಟು, ಬಂದ ಉತ್ತರವನ್ನು ತಾಳೆ ನೋಡುತ್ತದೆ. ಉತ್ತರ ಸರಿಯೋ, ತಪ್ಪೋ, ಸರಿಯಾದರೂ ತಡವಾಯಿತೋ, ಇಷ್ಟೇ ಅದರ ತೀರ್ಪು. ಬರೆದವರ ಊರು ಯಾವುದು, ಯಾರ ಮಗಳು, ಇಂಗ್ಲಿಷ್ ಹೇಗೆ ಮಾತಾಡುತ್ತಾಳೆ ಎಂದು ಅದು ಕೇಳುವುದಿಲ್ಲ. ಭಾಷಣ ಸ್ಪರ್ಧೆಯಲ್ಲೂ ಸಂದರ್ಶನದಲ್ಲೂ ಹಿಂದೆ ಸರಿಯುವ ಹಳ್ಳಿಯ ಮಕ್ಕಳಿಗೆ ಇದು ಸಣ್ಣ ಅನುಕೂಲವಲ್ಲ.

ಕರ್ನಾಟಕದ ಹಳ್ಳಿ ಮತ್ತು ಸಣ್ಣ ಪಟ್ಟಣಗಳ ಮಕ್ಕಳಿಗೆಂದೇ ನಡೆಯುತ್ತ ಬಂದಿರುವ ಒಂದು ಸ್ಪರ್ಧೆಯನ್ನು ಇಲ್ಲಿ ನೆನೆಯಬೇಕು. ಗ್ರಾಮೀಣ ಐಟಿ ಕ್ವಿಜ್ 2000ದಲ್ಲಿ ರಾಜ್ಯ ಸರ್ಕಾರ ಮತ್ತು ಟಿಸಿಎಸ್ ಕಂಪನಿ ಸೇರಿ ಆರಂಭಿಸಿದ್ದು. ಎಂಟರಿಂದ ಹನ್ನೆರಡನೇ ತರಗತಿಯವರೆಗಿನ, ದೊಡ್ಡ ನಗರಗಳ ಹೊರಗಿನ ಮಕ್ಕಳಿಗೆ ಅದು ಮೀಸಲು. ಕಂಪ್ಯೂಟರನ್ನು ದೂರದಿಂದಷ್ಟೇ ನೋಡಿದ್ದ ಎಷ್ಟೋ ಮಕ್ಕಳನ್ನು ಅದು ವೇದಿಕೆಗೆ ತಂದಿತು. ಆ ಕೆಲಸಕ್ಕೆ ನನ್ನ ಗೌರವವಿದೆ. ಆದರೆ ಕ್ವಿಜ್ ಕೇಳುವುದು ಗೊತ್ತಿದೆಯೇ ಎಂದು. ಕೋಡಿಂಗ್ ಸ್ಪರ್ಧೆ ಕೇಳುವುದು ಯೋಚಿಸಬಲ್ಲೆಯಾ ಎಂದು. ಯಾವ ಕಂಪನಿಯನ್ನು ಯಾರು ಯಾವಾಗ ಸ್ಥಾಪಿಸಿದರು ಎಂಬ ಪಟ್ಟಿಯನ್ನು ಬಾಯಿಪಾಠ ಮಾಡಿದ ಮಗುವಿಗೆ ಕಂಪ್ಯೂಟರ್ ವಿಜ್ಞಾನದ ರುಚಿ ಹತ್ತಿತು ಎನ್ನಲಾಗದು. ಹ್ಯಾಕಥಾನ್ ಎಂಬ ಮತ್ತೊಂದು ಬಗೆಯೂ ಇದೆ. ಅಲ್ಲಿ ಒಂದೆರಡು ದಿನದಲ್ಲಿ ಏನಾದರೊಂದು ಮಾದರಿ ಕಟ್ಟಿ ತೋರಿಸಬೇಕು. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಅದು ಸರಿ, ಹೈಸ್ಕೂಲಿಗೆ ಭಾರವಾದೀತು.

ಇನ್ನು ಎರಡನೆಯ ಭಾಗ. ಕೋಡಿಂಗ್ ಸ್ಪರ್ಧೆ ಎಂದೊಡನೆ ಲ್ಯಾಬು, ಇಂಟರ್‌ನೆಟ್ಟು, ಲ್ಯಾಪ್‌ಟಾಪು ಇಲ್ಲದೆ ಆಗದು ಎಂಬ ಭಾವನೆ ನಮ್ಮಲ್ಲಿದೆ. ಇದನ್ನು ಪರೀಕ್ಷಿಸಿ ನೋಡೋಣ. ನಮ್ಮ ದೇಶದ ಒಲಿಂಪಿಯಾಡ್ ತಂಡವನ್ನು ಆರಿಸುವ ಭಾರತೀಯ ಕಂಪ್ಯೂಟಿಂಗ್ ಒಲಿಂಪಿಯಾಡಿನಲ್ಲಿ ಬಹುಕಾಲದಿಂದ ವಲಯ ಮಟ್ಟದ ಒಂದು ಸುತ್ತು ಬರೀ ಕಾಗದ ಪೆನ್ನಿನದು. ಸಮಸ್ಯೆಯನ್ನು ವಿವರಿಸಿ, ಕೆಲವು ಚಿಕ್ಕ ಉದಾಹರಣೆ ಕೊಟ್ಟು, ಕೈಯಿಂದಲೇ ಉತ್ತರ ಕಂಡುಹಿಡಿಯಿರಿ ಎನ್ನುತ್ತಾರೆ. ಕುರುಡಾಗಿ ಎಲ್ಲ ಸಾಧ್ಯತೆ ಎಣಿಸುತ್ತ ಹೋದವರಿಗೆ ಸಮಯ ಸಾಲದು. ಒಳಗಿನ ಕ್ರಮ ಹಿಡಿದವರಿಗೆ ಸಾಲುತ್ತದೆ. 2004ರಲ್ಲಿ ಲಿಥುವೇನಿಯದ ವಾಲೆಂಟಿನಾ ದಾಗಿಯೆನೆ ಆರಂಭಿಸಿದ 'ಬೆಬ್ರಾಸ್' ಎಂಬ ಮಕ್ಕಳ ಸ್ಪರ್ಧೆಯಲ್ಲೂ ಅಷ್ಟೇ, ಪ್ರೋಗ್ರಾಂ ಬರೆಯಲು ಬಾರದ ಮಗುವೂ ಉತ್ತರಿಸಬಹುದಾದ ಚಿತ್ರಸಹಿತ ಒಗಟುಗಳು. ಇಂದು ಅದು ಹತ್ತಾರು ದೇಶಗಳಲ್ಲಿ ನಡೆಯುತ್ತದೆ, ಭಾರತದಲ್ಲೂ ನಡೆಯುತ್ತದೆ.

ಒಂದು ಪ್ರಶ್ನೆಯನ್ನು ಇಲ್ಲೇ ಬಿಡಿಸೋಣ. ಚಳ್ಳಕೆರೆ ಎಣ್ಣೆಯ ಊರು. ಶೇಂಗಾ ಎಣ್ಣೆಯ ವ್ಯಾಪಾರದಲ್ಲಿ ಮುಂಬೈ ಬಿಟ್ಟರೆ ಚಳ್ಳಕೆರೆ ಎಂದು ಹಿರಿಯರು ಹೇಳುತ್ತಿದ್ದ ಕಾಲವೊಂದಿತ್ತು. ಒಬ್ಬ ಎಣ್ಣೆ ವ್ಯಾಪಾರಿಯ ಬಳಿ 1, 3 ಮತ್ತು 4 ಲೀಟರಿನ ಅಳತೆ ಪಾತ್ರೆಗಳಿವೆ ಎಂದಿಟ್ಟುಕೊಳ್ಳಿ. ಗಿರಾಕಿ 6 ಲೀಟರ್ ಕೇಳುತ್ತಾನೆ. ಅತಿ ಕಡಿಮೆ ಸಲ ಅಳೆದು ಕೊಡುವುದು ಹೇಗೆ?

ಯಾರಾದರೂ ಮೊದಲು ದೊಡ್ಡ ಪಾತ್ರೆಗೇ ಕೈ ಹಾಕುತ್ತಾರೆ. 4 ಲೀಟರ್ ಒಮ್ಮೆ, ಉಳಿದ 2ಕ್ಕೆ ಒಂದೊಂದು ಲೀಟರಿನಂತೆ ಎರಡು ಸಲ, ಒಟ್ಟು ಮೂರು ಸಲ. ಆದರೆ 3 ಲೀಟರ್ ಪಾತ್ರೆಯಲ್ಲಿ ಎರಡು ಸಲ ಅಳೆದರೆ ಕೆಲಸ ಮುಗಿಯಿತು. ದೊಡ್ಡದಕ್ಕೆ ಮೊದಲು ಕೈ ಹಾಕುವ ಬುದ್ಧಿ ಇಲ್ಲಿ ಸೋತಿತು. ಹಾಗಾದರೆ ಸೋಲದ ವಿಧಾನ ಯಾವುದು? 1 ಲೀಟರಿಗೆ ಎಷ್ಟು ಸಲ, 2ಕ್ಕೆ ಎಷ್ಟು, 3ಕ್ಕೆ ಎಷ್ಟು ಎಂದು ಕೆಳಗಿನಿಂದ ಪಟ್ಟಿ ಮಾಡುತ್ತ ಬನ್ನಿ. 1ಕ್ಕೆ ಒಂದು, 2ಕ್ಕೆ ಎರಡು, 3ಕ್ಕೆ ಒಂದು, 4ಕ್ಕೆ ಒಂದು, 5ಕ್ಕೆ ಎರಡು. ಈಗ 6ಕ್ಕೆ ಬಂದಾಗ ಹೊಸದಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಕೊನೆಯ ಸಲ ಅಳೆದದ್ದು 1 ಲೀಟರ್ ಆಗಿದ್ದರೆ ಅದಕ್ಕೆ ಮೊದಲು 5 ಲೀಟರ್ ಆಗಿರಬೇಕು, 3 ಆಗಿದ್ದರೆ 3, 4 ಆಗಿದ್ದರೆ 2. ಆ ಮೂರರ ಉತ್ತರ ಪಟ್ಟಿಯಲ್ಲೇ ಇದೆ. ಅವುಗಳಲ್ಲಿ ಚಿಕ್ಕದಕ್ಕೆ ಒಂದು ಕೂಡಿಸಿ. ಹೀಗೆ 10 ಲೀಟರಿಗೆ ಮೂರು ಸಲ ಸಾಕು ಎಂದು ಏಳನೇ ತರಗತಿಯ ಮಗು ಹಾಳೆಯ ಮೇಲೆ ಕಂಡುಹಿಡಿಯುತ್ತದೆ. ಸಾವಿರ ಲೀಟರಿಗೂ ಇದೇ ವಿಧಾನ. ಆದರೆ ಸಾವಿರ ಸಾಲು ಬರೆಯಲು ಮನುಷ್ಯನಿಗೆ ಬೇಸರ, ಯಂತ್ರಕ್ಕೆ ಬೇಸರವಿಲ್ಲ. ಕಂಪ್ಯೂಟರು ಯಾಕೆ ಬೇಕು ಎಂಬುದು ಮಗುವಿಗೆ ಆ ಹೊತ್ತಿನಲ್ಲಿ ತಾನಾಗಿಯೇ ತಿಳಿಯುತ್ತದೆ. ಎಂಜಿನಿಯರಿಂಗ್ ತರಗತಿಗಳಲ್ಲಿ ಡೈನಾಮಿಕ್ ಪ್ರೋಗ್ರಾಮಿಂಗ್ ಎಂದು ಕಲಿಸುವುದು ಇದನ್ನೇ. ಆ ಹೆಸರನ್ನು ಮಗುವಿಗೆ ಹೇಳುವ ತುರ್ತು ಏನೂ ಇಲ್ಲ.

ಎರಡನೇ ಉದಾಹರಣೆಗೆ ನಮ್ಮ ಎಪಿಎಂಸಿ ಅಂಗಳಕ್ಕೆ ಹೋಗೋಣ. ಒಂದು ವರ್ಷದ 365 ದಿನಗಳ ಶೇಂಗಾ ಧಾರಣೆಯ ಪಟ್ಟಿ ಇದೆ. ಒಂದು ದಿನ ಕೊಂಡು, ಅದಾದ ಮೇಲೆ ಯಾವುದೋ ದಿನ ಮಾರಿದರೆ ಕ್ವಿಂಟಲ್‌ಗೆ ಅತಿ ಹೆಚ್ಚು ಲಾಭ ಎಷ್ಟು ಬರುತ್ತಿತ್ತು? ಪ್ರತಿ ಎರಡು ದಿನಗಳ ಜೋಡಿಯನ್ನೂ ನೋಡುತ್ತ ಹೋದರೆ 66,430 ಜೋಡಿಗಳಾಗುತ್ತವೆ. ಕಂಪ್ಯೂಟರಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಪಟ್ಟಿಯಲ್ಲಿ ಒಂದು ಲಕ್ಷ ಧಾರಣೆಗಳಿದ್ದರೆ ಜೋಡಿಗಳು ಸುಮಾರು 500 ಕೋಟಿ. ಸ್ಪರ್ಧೆಯಲ್ಲಿ ಸಾಮಾನ್ಯವಾಗಿ ಸಿಗುವುದು ಒಂದೆರಡು ಸೆಕೆಂಡು, ಅಷ್ಟರಲ್ಲಿ ಮುಗಿಯುವುದಿಲ್ಲ. ಇಲ್ಲಿ ಮಗು ನಿಂತು ಯೋಚಿಸಬೇಕು. ಪಟ್ಟಿಯನ್ನು ಮೊದಲಿಂದ ಒಮ್ಮೆ ಓದುತ್ತ, ಇಲ್ಲಿಯವರೆಗಿನ ಅತಿ ಕಡಿಮೆ ಬೆಲೆ ಎಷ್ಟು ಎಂಬುದೊಂದನ್ನು ನೆನಪಿಟ್ಟುಕೊಂಡರೆ ಸಾಕಲ್ಲವೇ? ಇವತ್ತಿನ ಬೆಲೆಯಲ್ಲಿ ಅದನ್ನು ಕಳೆದರೆ ಇವತ್ತು ಮಾರಿದರೆ ಸಿಗುವ ಹೆಚ್ಚಿನ ಲಾಭ ತಿಳಿಯಿತು. ಒಂದು ಲಕ್ಷ ಹೆಜ್ಜೆಯಲ್ಲಿ ಕೆಲಸ ಮುಗಿಯಿತು. 500 ಕೋಟಿ ಹೆಜ್ಜೆಯ ಕೆಲಸ ಒಂದು ಲಕ್ಷಕ್ಕೆ ಇಳಿಯಿತು, ಯಂತ್ರ ಬದಲಾಗಲಿಲ್ಲ. ಕಂಪ್ಯೂಟರ್ ವಿಜ್ಞಾನವೆಂದರೆ ಏನು ಎಂದು ಪೋಷಕರು ಕೇಳಿದಾಗ ನಾನು ಈ ಲೆಕ್ಕವನ್ನೇ ಮುಂದಿಡುತ್ತೇನೆ. ಹೊಸ ಲ್ಯಾಪ್‌ಟಾಪ್ ಕೊಡಿಸಬೇಕೇ ಎಂಬ ಪ್ರಶ್ನೆಯನ್ನು ಅವರು ಸ್ವಲ್ಪ ಹೊತ್ತು ಮರೆಯುತ್ತಾರೆ.

ಈಗ ಮೂರನೆಯ ವಿಷಯ, ಕನ್ನಡ. ಅಂತರರಾಷ್ಟ್ರೀಯ ಒಲಿಂಪಿಯಾಡಿನಲ್ಲಿ ನಡೆಯುವ ಒಂದು ಕೆಲಸ ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿದಿಲ್ಲ. ಸ್ಪರ್ಧೆಯ ಹಿಂದಿನ ರಾತ್ರಿ ಬೇರೆ ಬೇರೆ ದೇಶಗಳ ತಂಡನಾಯಕರು ನಿದ್ದೆಗೆಟ್ಟು ಪ್ರಶ್ನೆಗಳನ್ನು ತಮ್ಮ ತಮ್ಮ ಭಾಷೆಗೆ ತರುತ್ತಾರೆ. ಬೆಳಗ್ಗೆ ಪ್ರತಿ ಮಗುವಿನ ಮುಂದೆ ಅದು ಬಯಸಿದ ಭಾಷೆಯ ಪ್ರಶ್ನೆಪತ್ರಿಕೆ ಇರುತ್ತದೆ. ಜಪಾನಿನ ಮಗು ಜಪಾನಿ ಭಾಷೆಯಲ್ಲಿ, ಜಾರ್ಜಿಯದ ಮಗು ಜಾರ್ಜಿಯನ್ ಭಾಷೆಯಲ್ಲಿ ಓದುತ್ತದೆ. ಜಗತ್ತಿನ ಅತಿ ಕಠಿಣ ಶಾಲಾ ಸ್ಪರ್ಧೆಗೇ ಇಂಗ್ಲಿಷಿನ ಹಂಗಿಲ್ಲದಿರುವಾಗ, ತಾಲ್ಲೂಕು ಮಟ್ಟದ ಒಂದು ಸ್ಪರ್ಧೆಗೆ ಯಾಕಿರಬೇಕು? ಅದರಲ್ಲೂ ಪರಶುರಾಂಪುರ, ರಾಂಪುರದ ಕಡೆಯ ಎಷ್ಟೋ ಮಕ್ಕಳು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಮಾತಾಡುವವರು. ಅವರಿಗೆ ಸಮಸ್ಯೆಯ ಮೊದಲ ವಾಕ್ಯವನ್ನೇ ಮೂರನೆಯ ಭಾಷೆಯಲ್ಲಿ ಕೊಡುವುದು ಅನ್ಯಾಯ. ಪ್ರೋಗ್ರಾಂ ಬರೆಯುವ ಭಾಷೆಯ ಹತ್ತಿಪ್ಪತ್ತು ಪದಗಳು ಇಂಗ್ಲಿಷಿನಲ್ಲಿರಲಿ, ತೊಂದರೆಯಿಲ್ಲ. ಪೈಥಾನ್ 3ರಲ್ಲಿ ಲೆಕ್ಕದ ಹೆಸರುಗಳನ್ನು 'ಬೆಲೆ', 'ಲಾಭ' ಎಂದು ಕನ್ನಡ ಲಿಪಿಯಲ್ಲೇ ಬರೆಯಬಹುದು. 2008ರಿಂದಲೇ ಆ ಸೌಲಭ್ಯವಿದೆ.

ಆದರೆ ಅನುವಾದ ಮಾಡಿದರೆ ಮುಗಿಯಿತು ಎಂದು ನಾನು ಹೇಳುತ್ತಿಲ್ಲ. ಕನ್ನಡವೇ ಹುಟ್ಟಿಸುವ ಪ್ರಶ್ನೆಗಳಿವೆ. ಎಲ್ಲ ಪಠ್ಯಪುಸ್ತಕಗಳಲ್ಲೂ ಬರುವ ಒಂದು ಹಳೆಯ ಅಭ್ಯಾಸವಿದೆ: ಕೊಟ್ಟ ಪದವನ್ನು ಹಿಂದುಮುಂದಾಗಿ ಓದಿದರೂ ಒಂದೇ ಆಗುತ್ತದೆಯೇ ಎಂದು ಹೇಳುವ ಪ್ರೋಗ್ರಾಂ ಬರೆಯಿರಿ. ಕನ್ನಡದಲ್ಲಿ 'ಗದಗ' ಕೊಡಿ. ಹೌದು ಎನ್ನುತ್ತದೆ. 'ಕನಕ' ಕೊಡಿ. ಹೌದು. ಈಗ 'ವಿಕಟಕವಿ' ಕೊಡಿ. ತೆನಾಲಿ ರಾಮಕೃಷ್ಣನ ಕಥೆ ಕೇಳಿದ ಪ್ರತಿ ಮಗುವಿಗೂ ಉತ್ತರ ಗೊತ್ತು. ಕಂಪ್ಯೂಟರು ಮಾತ್ರ ಅಲ್ಲ ಎನ್ನುತ್ತದೆ! ಯಾಕೆಂದರೆ ಯೂನಿಕೋಡಿನಲ್ಲಿ 'ವಿ' ಒಂದು ಅಕ್ಷರವಲ್ಲ. ವಕಾರ ಬೇರೆ, ಗುಡಿಸು ಬೇರೆ. ತಿರುಗಿಸಿ ಓದಿದಾಗ ಗುಡಿಸು ವಕಾರಕ್ಕಿಂತ ಮೊದಲು ಬಂದುಬಿಡುತ್ತದೆ. ನಮ್ಮ ಕಿವಿಗೆ ನಾಲ್ಕು ಅಕ್ಷರವಾದ 'ಚಳ್ಳಕೆರೆ' ಕಂಪ್ಯೂಟರಿಗೆ ಎಂಟು ಸಂಕೇತ. ಐದು ಅಕ್ಷರದ 'ಮೊಳಕಾಲ್ಮುರು' ಹನ್ನೊಂದು ಸಂಕೇತ. ಹಾಗಾದರೆ ಕನ್ನಡ ಪದವನ್ನು ಅಕ್ಷರಗಳಾಗಿ ಒಡೆಯುವುದು ಹೇಗೆ? ಒತ್ತಕ್ಷರ ಬಂದರೆ? ಅನುಸ್ವಾರ ಬಂದರೆ? ಇಂಗ್ಲಿಷ್ ಮಾಧ್ಯಮದ ಮಗು ಎರಡು ಸಾಲಿನಲ್ಲಿ ಬರೆದು ಮುಂದೆ ಹೋಗುವ ಅಭ್ಯಾಸ ಕನ್ನಡದ ಮಗುವಿಗೆ ಒಂದು ನಿಜವಾದ ಸಮಸ್ಯೆಯಾಗಿ ಎದುರು ನಿಲ್ಲುತ್ತದೆ. ಛಂದಸ್ಸಿನ ಪಾಠದಲ್ಲಿ ಲಘು ಗುರು ಹಾಕಲು ಕಲಿತ ಹುಡುಗಿಗೆ ಇದು ಹೊಸತೂ ಅಲ್ಲ. ಮಾತ್ರೆ ಎಣಿಸುವ ಪ್ರೋಗ್ರಾಂ ಬರೆ ಎಂದು ಒಂಬತ್ತನೇ ತರಗತಿಗೆ ಕೊಟ್ಟರೆ ಕನ್ನಡ ಮೇಷ್ಟ್ರೂ ಗಣಿತದ ಮೇಷ್ಟ್ರೂ ಒಂದೇ ಬೆಂಚಿನಲ್ಲಿ ಕೂರಬೇಕಾಗುತ್ತದೆ. ಕೆ. ಪಿ. ರಾವ್ ಅವರು ಕನ್ನಡಕ್ಕೆ ಕೀಲಿಮಣೆಯ ವಿನ್ಯಾಸ ರೂಪಿಸಿದ್ದು ನಮ್ಮ ಅಕ್ಷರಗಳ ಈ ರಚನೆಯನ್ನು ಬಳಸಿಕೊಂಡೇ, ವ್ಯಂಜನದ ಕೀಲಿಯ ಬೆನ್ನಿಗೆ ಸ್ವರದ ಕೀಲಿ.

ಮೊಳಕಾಲ್ಮುರಿಗೆ ಬರೋಣ. ಅಲ್ಲಿಯ ರೇಷ್ಮೆ ಸೀರೆಯ ಮಾತು ಬಂದರೆ, ಜಕಾರ್ಡ್ ಮಗ್ಗವೇ ಕಂಪ್ಯೂಟರಿನ ಪೂರ್ವಜ ಎಂದು ಹೇಳಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ಮಾತು ಸುಳ್ಳಲ್ಲ. 1804ರ ಸುಮಾರಿಗೆ ಫ್ರಾನ್ಸಿನ ಜಕಾರ್ಡ್ ರೂಪಿಸಿದ ತೂತಿನ ಕಾರ್ಡುಗಳನ್ನೇ ಮುಂದೆ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಬಳಸಲು ಯೋಜಿಸಿದ. ಆದರೆ ಆ ಭಾಷಣದಿಂದ ನೇಕಾರರ ಮನೆಯ ಹುಡುಗಿಗೆ ಸಿಗುವುದೇನು? ಮಗ್ಗವನ್ನೇ ಪ್ರಶ್ನೆಯಾಗಿ ಕೊಟ್ಟರೆ ಏನೋ ಸಿಗುತ್ತದೆ. ವಿನ್ಯಾಸವನ್ನು ಗ್ರಾಫ್ ಹಾಳೆಯ ಮೇಲೆ ಬರೆದು, ಪ್ರತಿ ಸಾಲಿಗೊಂದು ಕಾರ್ಡು ತೂತು ಹೊಡೆದು, ಅವನ್ನು ದಾರದಿಂದ ಹೊಲಿದು ಮಾಲೆ ಮಾಡಿ ಮಗ್ಗದ ಮೇಲೆ ಏರಿಸುತ್ತಾರೆ. ಮಾಲೆ ಒಂದು ಸುತ್ತು ಬಂದಾಗ ಅಂಚಿನ ಹೂವು ಮತ್ತೆ ಮೊದಲಿನಿಂದ ಶುರು. ಈಗ ಪ್ರಶ್ನೆ: ಹಳೆಯ ಸೀರೆಯೊಂದರ ಅಂಚಿನ 600 ಸಾಲುಗಳನ್ನು ನೋಡಿ ಬರೆದುಕೊಂಡಿದ್ದೀರಿ. ಅದೇ ಅಂಚನ್ನು ನೇಯಲು ಕನಿಷ್ಠ ಎಷ್ಟು ಕಾರ್ಡು ಬೇಕು? ಅಂದರೆ, ಮರಳಿ ಮರಳಿ ಬರುವ ಅತಿ ಚಿಕ್ಕ ತುಂಡು ಎಷ್ಟು ಸಾಲಿನದು? 1, 2, 3 ಎಂದು ಎಲ್ಲ ಉದ್ದಗಳನ್ನೂ ಪರೀಕ್ಷಿಸುವುದು ಒಂದು ದಾರಿ. ಪಟ್ಟಿಯನ್ನು ಅದರೊಡನೆಯೇ ತಾಳೆ ನೋಡುತ್ತ ಒಂದೇ ಓಟದಲ್ಲಿ ಕಂಡುಹಿಡಿಯುವ ಜಾಣ ದಾರಿಯೂ ಇದೆ. ಕ್ನೂತ್, ಮಾರಿಸ್, ಪ್ರಾಟ್ ಎಂಬ ಮೂವರು 1977ರಲ್ಲಿ ಪ್ರಕಟಿಸಿದ ವಿಧಾನ ಅದಕ್ಕೆ ಬೇಕಾದ ಕೀಲಿ. ಮನೆಯಲ್ಲಿ ಮಗ್ಗವಿರುವ ಮಗುವಿಗೆ ಪ್ರಶ್ನೆ ಏನು ಕೇಳುತ್ತಿದೆ ಎಂದು ತಕ್ಷಣ ತಿಳಿಯುತ್ತದೆ. ಬೆಂಗಳೂರಿನ ಮಗು ಒಂದೆರಡು ಸಲ ಓದಬೇಕಾದೀತು. ಒಮ್ಮೆಯಾದರೂ ಹಾಗಾಗಲಿ.

ಅದೇ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿ ಅಶೋಕನ ಶಾಸನಗಳಿವೆ. ಅವನ್ನು ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಮೂರೂ ಹತ್ತಿರ ಹತ್ತಿರದ ಜಾಗಗಳು, ಮೂರರಲ್ಲೂ ಹೆಚ್ಚುಕಡಿಮೆ ಒಂದೇ ಪಾಠ. ಜಟಿಂಗ ರಾಮೇಶ್ವರದ ಬಂಡೆ ತುಂಬ ಸವೆದಿದೆ. ಒಂದು ಕಡೆ ಅಳಿಸಿಹೋದದ್ದನ್ನು ಇನ್ನೊಂದು ಕಡೆಯ ಪಾಠ ನೋಡಿ ವಿದ್ವಾಂಸರು ತುಂಬಿಕೊಂಡರು. ಕಂಪ್ಯೂಟರ್ ವಿಜ್ಞಾನದಲ್ಲಿ ಇದೇ ಸಮಸ್ಯೆಗೆ ಒಂದು ಪ್ರಸಿದ್ಧ ರೂಪವಿದೆ. ಒಂದು ಪಾಠವನ್ನು ಇನ್ನೊಂದಾಗಿಸಲು ಕನಿಷ್ಠ ಎಷ್ಟು ಅಕ್ಷರ ಸೇರಿಸಬೇಕು, ತೆಗೆಯಬೇಕು, ಬದಲಿಸಬೇಕು? ರಷ್ಯಾದ ಲೆವೆನ್‌ಶ್ಟೈನ್ 1965ರಲ್ಲಿ ಈ ಅಂತರವನ್ನು ವಿವರಿಸಿದರು. ಮೊಬೈಲಿನಲ್ಲಿ ತಪ್ಪಾಗಿ ಟೈಪ್ ಮಾಡಿದ ಪದವನ್ನು ತಿದ್ದುವಾಗಲೂ, ಜೀವಕೋಶದ ಡಿಎನ್‌ಎ ಸರಣಿಗಳನ್ನು ಹೋಲಿಸುವಾಗಲೂ ಕೆಲಸ ಮಾಡುವುದು ಇದರ ಒಂದಲ್ಲ ಒಂದು ರೂಪ. ಇದನ್ನು ಲೆಕ್ಕ ಹಾಕಲು ಬೇಕಾದದ್ದು ಆಗಲೇ ಎಣ್ಣೆ ಅಳೆಯಲು ಮಾಡಿದ ಪಟ್ಟಿಯಂಥದೇ ಪಟ್ಟಿ, ಅಡ್ಡಸಾಲು ಮತ್ತು ಕಂಬಸಾಲು ಎರಡೂ ಇರುತ್ತವೆ ಅಷ್ಟೆ. ಬ್ರಹ್ಮಗಿರಿಗೆ ಪ್ರವಾಸ ಹೋದ ಶಾಲೆ ಫೋಟೊ ತೆಗೆದುಕೊಂಡು ಬರುವುದರ ಜೊತೆಗೆ ಈ ಪ್ರಶ್ನೆಯನ್ನೂ ತರಬಹುದು. ಶಾಸನ ಬರೆದ ಲಿಪಿಕಾರ ಚಪಡ ಎಡದಿಂದ ಬಲಕ್ಕೆ ಬ್ರಾಹ್ಮಿಯಲ್ಲಿ ಬರೆಯುತ್ತ ಬಂದು, ತನ್ನ ವೃತ್ತಿಯನ್ನು ಹೇಳುವ ಕೊನೆಯ ಪದವನ್ನು ಮಾತ್ರ ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಎರಡು ದಿಕ್ಕಿನ ಲಿಪಿಗಳನ್ನು ಒಂದೇ ಸಾಲಿನಲ್ಲಿ ಕೂರಿಸುವುದು ಇಂದಿನ ಸಾಫ್ಟ್‌ವೇರ್ ಬರೆಯುವವರಿಗೂ ತಲೆನೋವಿನ ಕೆಲಸವೇ.

ಇಂಥವು ಇನ್ನೂ ಎಷ್ಟೋ ಇವೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆ ನಮ್ಮದು. ಮಳೆ ದಾಖಲೆ ಕೊಟ್ಟು, ಮಳೆಯಿಲ್ಲದೆ ಕಳೆದ ಅತಿ ಉದ್ದದ ಅವಧಿ ಯಾವುದು ಎಂದು ಕೇಳಬಹುದು. ಎಂಟನೇ ತರಗತಿಗೆ ಅದು ಮೊದಲ ಪ್ರಶ್ನೆಯಾಗಲಿ.

ಕೊನೆಯ ಭಾಗಕ್ಕೆ ಬರುವ ಮೊದಲು ಒಂದು ಎಚ್ಚರಿಕೆಯ ಮಾತು. ಸ್ಪರ್ಧೆ ಎಂಬುದು ವೇಗವಾಗಿ ಯೋಚಿಸುವವರ ಪರ. ನಿಧಾನವಾಗಿ, ಆಳವಾಗಿ ಯೋಚಿಸುವ ಮಗು ಮೂರು ಗಂಟೆಯ ಸ್ಪರ್ಧೆಯಲ್ಲಿ ಹಿಂದೆ ಬೀಳುತ್ತದೆ. ತನಗೆ ಈ ವಿದ್ಯೆ ಒಗ್ಗದು ಎಂದು ಅಲ್ಲಿಗೇ ಬಿಟ್ಟುಬಿಡಬಹುದು. ಸಂಶೋಧನೆಗೆ ಬೇಕಾದದ್ದು ಬಹುಪಾಲು ಆ ಬಗೆಯ ಮಗುವೇ. ಹುಡುಗಿಯರ ವಿಷಯವೂ ಇದೆ. ಜಗತ್ತಿನೆಲ್ಲೆಡೆ ಈ ಸ್ಪರ್ಧೆಗಳಲ್ಲಿ ಅವರ ಸಂಖ್ಯೆ ತೀರ ಕಡಿಮೆ. ಅದಕ್ಕಾಗಿಯೇ ಯುರೋಪಿನಲ್ಲಿ 2021ರಿಂದ ಹುಡುಗಿಯರ ಪ್ರತ್ಯೇಕ ಇನ್ಫರ್ಮ್ಯಾಟಿಕ್ಸ್ ಒಲಿಂಪಿಯಾಡ್ ನಡೆಯುತ್ತಿದೆ. ನಮ್ಮಲ್ಲಿ ಕಾರಣಗಳು ಇನ್ನೂ ಸರಳ. ಲ್ಯಾಬು ತೆರೆಯುವುದು ಶಾಲೆ ಬಿಟ್ಟ ಮೇಲೆ, ಕೊನೆಯ ಬಸ್ಸು ಹೊರಡುವುದು ಅದೇ ಹೊತ್ತಿಗೆ. ಇದಕ್ಕೆ ಭಾಷಣ ಬೇಡ, ವೇಳಾಪಟ್ಟಿ ಬದಲಿಸಿದರೆ ಸಾಕು. ಮತ್ತೊಂದು ಅಪಾಯ ಟ್ಯೂಷನ್. ಕೋಡಿಂಗ್ ಕಲಿಯದಿದ್ದರೆ ನಿಮ್ಮ ಮಗುವಿನ ಭವಿಷ್ಯ ಮುಗಿಯಿತು ಎಂಬ ಜಾಹೀರಾತುಗಳನ್ನು ನಾವೆಲ್ಲ ನೋಡಿದ್ದೇವೆ. ಹೆದರಿಸಿ ಹುಟ್ಟಿಸಿದ ಆಸಕ್ತಿ ಫೀಸು ಕಟ್ಟಿಸುತ್ತದೆ, ಅದಕ್ಕಿಂತ ಮುಂದೆ ಹೋಗುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಬೆಲಾರಸ್ ದೇಶದ ಗೋಮೆಲ್ ನಗರದ ಉದಾಹರಣೆ ಕೊಡುತ್ತೇನೆ. ಅದು ರಾಜಧಾನಿಯಲ್ಲ. ಅಲ್ಲಿಯ ಗೆನ್ನಾದಿ ಕೊರೊಟ್ಕೆವಿಚ್ ಎಂಬ ಹುಡುಗ 2006ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಅಂತರರಾಷ್ಟ್ರೀಯ ಒಲಿಂಪಿಯಾಡಿಗೆ ಹೋದ. ಮುಂದಿನ ವರ್ಷದಿಂದ 2012ರವರೆಗೆ ಪ್ರತಿ ವರ್ಷವೂ ಚಿನ್ನದ ಪದಕ ತಂದ. ಸುದ್ದಿಯಾದದ್ದು ಆ ಹುಡುಗ. ಆದರೆ ಅದೇ ಊರಿನ ವಿಶ್ವವಿದ್ಯಾಲಯದ ಶಿಕ್ಷಕ ಮಿಖಾಯಿಲ್ ದೋಲಿನ್‌ಸ್ಕಿ ವರ್ಷಗಟ್ಟಲೆ ಶಾಲಾ ಮಕ್ಕಳಿಗೆ, ತೀರ ಚಿಕ್ಕವರಿಗೂ, ಸಮಸ್ಯೆಗಳನ್ನು ಕೊಡುತ್ತ, ತಿದ್ದುತ್ತ ಕೂತಿದ್ದರು. ಕೊರೊಟ್ಕೆವಿಚ್‌ನಂಥವರು ಎಲ್ಲೆಲ್ಲೂ ಹುಟ್ಟುವುದಿಲ್ಲ. ದೋಲಿನ್‌ಸ್ಕಿಯಂಥವರು ಎಲ್ಲಿಯಾದರೂ ಇರಬಹುದು, ಈ ಸಭೆಯಲ್ಲೂ ಇರಬಹುದು.

ನಮಗೆ ಬೇಕಾದ ಸಾಮಗ್ರಿ ಹತ್ತಿರದಲ್ಲೇ ಇದೆ. ಚಳ್ಳಕೆರೆಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿಯ ವಿದ್ಯಾರ್ಥಿಗಳು ಪ್ರಶ್ನೆ ಕಟ್ಟಲು, ಉತ್ತರ ತಾಳೆ ನೋಡಲು ಕೈಜೋಡಿಸಬಹುದು. ಪ್ರಶ್ನೆ ಬಿಡಿಸುವುದಕ್ಕಿಂತ ಕಟ್ಟುವುದರಿಂದ ಅವರೇ ಹೆಚ್ಚು ಕಲಿಯುತ್ತಾರೆ. ಕುದಾಪುರದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ವಿಜ್ಞಾನ ಮತ್ತು ಗಣಿತ ಶಿಕ್ಷಕರಿಗೆ ವರ್ಷಗಳಿಂದ ತರಬೇತಿ ನಡೆಯುತ್ತಿದೆ. ಆ ಶಿಬಿರಗಳಲ್ಲಿ ಒಂದು ಮಧ್ಯಾಹ್ನ ಇದಕ್ಕೆ ಸಿಕ್ಕರೆ ಸಾಕು. ಸ್ಪರ್ಧೆಯನ್ನು ತಾಲ್ಲೂಕು ಕೇಂದ್ರಕ್ಕೆ ಎಳೆಯಬಾರದು, ಹೋಬಳಿಗೆ ಒಯ್ಯಬೇಕು. ಪರಶುರಾಂಪುರ, ತಳುಕು, ನಾಯಕನಹಟ್ಟಿ, ದೇವಸಮುದ್ರ ಮತ್ತು ಎರಡು ಕಸಬಾ ಹೋಬಳಿಗಳು. ಮೊದಲ ಸುತ್ತು ಕಾಗದದ ಮೇಲೆ, ಕನ್ನಡದಲ್ಲಿ, ಮೂವರ ತಂಡಗಳಲ್ಲಿ, ತಂಡದಲ್ಲಿ ಒಬ್ಬಳಾದರೂ ಹುಡುಗಿ ಇರಲೇಬೇಕು ಎಂಬ ನಿಯಮದೊಡನೆ. ಒಂದು ಪ್ರಶ್ನೆಯನ್ನು ಒಂದು ವಾರ ಮೊದಲೇ ಮನೆಗೆ ಕೊಟ್ಟು ಕಳಿಸಬೇಕು, ನಿಧಾನದ ಮಕ್ಕಳಿಗಾಗಿ. ಗೆದ್ದವರ ಹೆಸರು ಮಾತ್ರ ಹೇಳಬೇಕು, ಸೋತವರ ಅಂಕ ಯಾರಿಗೂ ಬೇಡ. ದಿನ ಗೊತ್ತು ಮಾಡುವಾಗ ಶೇಂಗಾ ಕೀಳುವ ಸುಗ್ಗಿ ಮುಗಿದಿರಲಿ, ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆಯ ಗಡಿಬಿಡಿ ಶುರುವಾಗದಿರಲಿ. ಡಿಸೆಂಬರ್ ಸರಿಹೋದೀತು.

ದತ್ತಿ ದಾನಿಗಳ ಕುಟುಂಬದವರಲ್ಲಿ ಒಂದು ವಿನಂತಿ. ಇಂಥ ಕೆಲಸಕ್ಕೆ ಹಣ ತೊಡಗಿಸುವ ಮನಸ್ಸಾದರೆ ಪಾರಿತೋಷಕಕ್ಕೆ ಇಡಬೇಡಿ. ಪ್ರತಿ ವರ್ಷದ ಪ್ರಶ್ನೆಗಳನ್ನೂ ಅವುಗಳ ಬಿಡಿಸುವ ಕ್ರಮವನ್ನೂ ಕನ್ನಡದಲ್ಲಿ ಅಚ್ಚು ಹಾಕಿಸಿ, ಎರಡೂ ತಾಲ್ಲೂಕುಗಳ ಪ್ರತಿ ಹೈಸ್ಕೂಲಿಗೆ ಹಂಚಿ. ನೆರಳಚ್ಚು ತೆಗೆಸಿ ಹೊಲಿದ ಹದಿನಾರು ಪುಟದ ಪುಸ್ತಿಕೆಯಾದರೂ ಸರಿ.

ಶಿಕ್ಷಕರೊಡನೆ ಮಾತು ಮುಗಿಯಿತು. ಮುಂದಿನ ಸಾಲಿನ ವಿದ್ಯಾರ್ಥಿಗಳಿಗೆ ಮಾತ್ರ ಒಂದು ಕೆಲಸ ಉಳಿದಿದೆ. 1, 3, 4 ಲೀಟರಿನ ಪಾತ್ರೆಗಳಿದ್ದಾಗ ದೊಡ್ಡದಕ್ಕೆ ಮೊದಲು ಕೈ ಹಾಕುವ ವಿಧಾನ 6 ಲೀಟರಿನಲ್ಲಿ ಸೋತಿತು. ಪಾತ್ರೆಗಳು 1, 4, 5 ಲೀಟರಿನವಾದರೆ ಮೊದಲ ಸಲ ಸೋಲುವುದು ಎಷ್ಟನೇ ಲೀಟರಿನಲ್ಲಿ? ಇನ್ನೊಂದು, ಇದು ಸ್ವಲ್ಪ ಕಷ್ಟದ್ದು. ನಮ್ಮ ಜೇಬಿನಲ್ಲಿರುವ 1, 2, 5, 10 ರೂಪಾಯಿ ನಾಣ್ಯಗಳಲ್ಲಿ ಚಿಲ್ಲರೆ ಕೊಡುವಾಗ ಅದೇ ವಿಧಾನ ಎಂದೂ ಸೋಲುವುದಿಲ್ಲ. ಯಾಕೆ? ಉತ್ತರ ಹೇಳಿದರೆ ಸಾಲದು, ಸೋಲುವುದೇ ಇಲ್ಲ ಎಂದು ನನ್ನನ್ನು ಒಪ್ಪಿಸಬೇಕು. ಚಹಾ ಮುಗಿಯುವವರೆಗೆ ನಾನು ಇಲ್ಲೇ ಇರುತ್ತೇನೆ.